ಗ್ಲೌಸ್ ತೊಡಿಸಿದ ಕಂಪ್ಯೂಟರ್

ಆ ಹಾಲಿನ ಡೈರಿಯಿಂದ ಫೋನ್ ಬಂದರೆ ‘ಹಲೋ’ ಇರುತ್ತಿರಲಿಲ್ಲ. ‘ಮೇಡಂ, ಮತ್ತೆ ಸತ್ತೈತೆ’ ಎಂದೇ ಶುರು. ಸತ್ತದ್ದು ಕಂಪ್ಯೂಟರ್. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿ ಡೈರಿಗಳಿಗೆ ಯಂತ್ರ ಕೂರಿಸುವುದು, ಕೆಟ್ಟರೆ ರಿಪೇರಿ ಮಾಡಿಕೊಡುವುದು ನನ್ನ ಕೆಲಸ. ಮನೆ ಚನ್ನಗಿರಿಯಲ್ಲಿ, ಸಂಸಾರ ಸ್ಕೂಟರಿನ ಮೇಲೆ ಎಂದು ನನ್ನ ಗಂಡ ಆಡಿಕೊಳ್ಳುತ್ತಾನೆ. ಸತ್ತ ಯಂತ್ರವನ್ನು ಎಬ್ಬಿಸುವುದು ನನಗೆ ಹೊಸದಲ್ಲ. ಆದರೆ ಇದು ಮೊದಮೊದಲು ನಾನು ಹೋದಾಗಲೆಲ್ಲ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿರುತ್ತಿತ್ತು. ನಾನು ಬೆನ್ನು ತಿರುಗಿಸಿದ ಮಾರನೆಯ ಬೆಳಿಗ್ಗೆ ಮತ್ತೆ ಅದೇ ಫೋನು.

ಊರು ಸವಳಂಗದಿಂದ ಒಳಗೆ ಹೋಗುವ ರಸ್ತೆಯಲ್ಲಿದೆ. ಹೆಸರು ಬೇಡ. ಡೈರಿ ಎಂದರೆ ಅಲ್ಲಿ ಒಂದೇ ಕೋಣೆ. ಒಂದು ಗೋಡೆಗೆ ಹಿಂಡಿ ಮೂಟೆ ಒಟ್ಟಿದ್ದಾರೆ, ಇನ್ನೊಂದು ಗೋಡೆಗೆ ಮೇಜು. ಮೇಜಿನ ಮೇಲೆ ಕಂಪ್ಯೂಟರ್, ಹಾಲಿನ ಕೊಬ್ಬು ಅಳೆಯುವ ಫ್ಯಾಟ್ ಮಷಿನ್, ಚೀಟಿ ಹೊಡೆಯುವ ಪುಟ್ಟ ಪ್ರಿಂಟರ್. ಪಕ್ಕದಲ್ಲಿ ತೂಕದ ಮಷಿನ್. ಜನ ಕ್ಯಾನು ತಂದು ಹಾಲು ಹಾಕುತ್ತಾರೆ, ತೂಕವು ತಂತಿಯಲ್ಲಿ ಕಂಪ್ಯೂಟರಿಗೆ ಹೋಗುತ್ತದೆ, ಚೀಟಿ ಬರುತ್ತದೆ. ಕಂಪ್ಯೂಟರ್ ನಿಂತರೆ ಸಾಲು ನಿಲ್ಲುತ್ತದೆ, ಸಾಲು ನಿಂತರೆ ಹಾಲು ಒಯ್ಯುವ ಟೆಂಪೋದವನು ಹಾರ್ನ್ ಹೊಡೆಯಲು ಹತ್ತುತ್ತಾನೆ. ಹಾಲನ್ನು ಒಲೆಯ ಮೇಲೆ ಕಾಯಿಸಬಹುದು, ಸಾಲಿನಲ್ಲಿ ಕಾಯಿಸಲಾಗದು.

ಅಲ್ಲಿನ ಡೈರಿ ಸಂಘದ ಅಧ್ಯಕ್ಷರು ಹೆಂಗಸು. ಅಧ್ಯಕ್ಷಗಿರಿ ಮಾತ್ರ ಅವರ ಗಂಡನದು. ಸಭೆಯಲ್ಲಿ ಮಾತಾಡುವವರು ಅವರು, ಫೋನ್ ಮಾಡುವವರು ಅವರು, ಸಹಿ ಹಾಕುವುದಕ್ಕೆ ಮಾತ್ರ ಹೆಂಡತಿ. ಊರಿನವರೂ ಅವರನ್ನೇ ‘ಅಧ್ಯಕ್ಷರೇ’ ಎನ್ನುತ್ತಿದ್ದರು. ನಾನು ‘ಯಜಮಾನ್ರೇ’ ಎನ್ನುತ್ತಿದ್ದೆ, ಅಷ್ಟರಮಟ್ಟಿಗೆ ಹಟ. ಆ ಯಜಮಾನರ ತಮ್ಮನೇ ಡೈರಿಯಲ್ಲಿ ಟೆಸ್ಟರ್, ಅಂದರೆ ಹಾಲಿನ ಸ್ಯಾಂಪಲ್ ತೆಗೆಯುವವನು. ಲೆಕ್ಕವನ್ನೂ ಕಂಪ್ಯೂಟರನ್ನೂ ನೋಡಿಕೊಳ್ಳುವ ಕಾರ್ಯದರ್ಶಿ ಹೊಸದಾಗಿ ಸೇರಿದ ಹೆಣ್ಣುಮಗಳು, ಬಿ.ಕಾಂ. ಓದಿದವಳು, ದಲಿತರ ಕಾಲೊನಿಯವಳು. ಮೇಜಿನ ಮೇಲೆ ಒಂದು ಹನಿ ಹಾಲು ಬಿದ್ದರೆ ಬಟ್ಟೆ ಹಿಡಿದು ಓಡಿ ಬರುವಷ್ಟು ಅಚ್ಚುಕಟ್ಟು.

ಮೊದಲ ಸಲ ಹೋದದ್ದು ಮಧ್ಯಾಹ್ನ, ಹಾಲಿನ ಗಲಾಟೆ ಇಲ್ಲದ ಹೊತ್ತು. ರೋಗಲಕ್ಷಣ ಕೇಳಿದೆ.

“ಪರದೆ ಮೇಲಿನ ಬಾಣ ತಾನೇ ಓಡಾಡಾಕೆ ಹತ್ತುತ್ತೆ ಅಕ್ಕಾರೆ,” ಎಂದಳು ಕಾರ್ಯದರ್ಶಿ. “ಏನೇನೋ ತೆಗೀತೈತೆ, ಮುಚ್ಚತೈತೆ. ಆಮೇಲೆ ಎಲ್ಲಾ ನಿಂತು ಹೋಗುತ್ತೆ. ಒಂದೊಂದು ಸಲ ನೀಲಿ ಪರದೆ ಬಂದು ಇಂಗ್ಲಿಷಿನಾಗೆ ಏನೋ ಬರುತ್ತೆ.”

“ದಿನಾ ಹಿಂಗೇನಾ?”

“ಇಲ್ಲ. ಒಂದೊಂದು ದಿನ ಸುಮ್ಕೆ ಇರ್ತೈತೆ.”

ಕ್ಯಾಬಿನೆಟ್ ಬಿಚ್ಚಿದೆ. ಹಿಂಡಿಯ ಪುಡಿ ಫ್ಯಾನಿನ ತುಂಬ ಕೂತು ಹಿಟ್ಟಿನ ಗಿರಣಿಯಾಗಿತ್ತು. ಊದಿ, ಬ್ರಷ್ ಹಾಕಿ ತೆಗೆದೆ. ರ್‍ಯಾಮ್ ಕಿತ್ತು ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಕೂರಿಸಿದೆ. ಕರೆಂಟು ಏರುಪೇರಾಗುತ್ತಿದೆಯೇ ಎಂದು ಮೀಟರ್ ಹಿಡಿದು ನೋಡಿದೆ. ಅರ್ಥಿಂಗ್ ಗುಂಡಿ ಒಣಗಿತ್ತು, ಉಪ್ಪು ಹಾಕಿಸಿ ನೀರು ಹೊಯ್ಯಿಸಿದೆ. ಒಳಗಿನ ಬೋರ್ಡಿಗೆ ಕೈ ಹಾಕುವ ಮೊದಲು ನಾನು ಪ್ರತಿಸಲ ಕ್ಯಾಬಿನೆಟ್ಟಿನ ತಗಡು ಮುಟ್ಟುವುದನ್ನು ಟೆಸ್ಟರ್ ಗಮನಿಸಿ, “ಅದ್ಯಾಕೆ ಮೇಡಂ, ನಮಸ್ಕಾರ ಮಾಡ್ತಿದೀರಾ?” ಎಂದ. ಎಲ್ಲರ ಮೈಯಲ್ಲೂ ಒಂದಿಷ್ಟು ಕರೆಂಟು ಕೂತಿರುತ್ತದೆ, ಹಾಗೇ ಮುಟ್ಟಿದರೆ ಚಿಪ್ ಹಾಳಾಗಬಹುದು, ಅದಕ್ಕೇ ಮೊದಲು ತಗಡು ಮುಟ್ಟಿ ಅದನ್ನು ಇಳಿಸುತ್ತೇನೆ ಎಂದು ವಿವರಿಸಿದೆ. ಅವನು ತಲೆಯಾಡಿಸಿದ. ಕಂಪ್ಯೂಟರ್ ಸಂಜೆಯವರೆಗೂ ಒಂದು ಸಲವೂ ತಕರಾರು ಮಾಡಲಿಲ್ಲ. ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆ ಫೋನು. ಮತ್ತೆ ಸತ್ತೈತೆ.

ಎರಡನೆಯ ಸಲ ಎಲ್ಲವನ್ನೂ ಅಳಿಸಿ, ವಿಂಡೋಸ್ ಹೊಸದಾಗಿ ಹಾಕಿ, ಹಾಲಿನ ಲೆಕ್ಕದ ತಂತ್ರಾಂಶವನ್ನೂ ಹೊಸದಾಗಿ ಕೂರಿಸಿದೆ. ತೂಕದ ಮಷಿನ್ ಮೇಲೆ ನೀರಿನ ಕ್ಯಾನು ಇಟ್ಟು ನೋಡಿದರೆ ತೂಕ ಸರಿಯಾಗಿ ಬರುತ್ತಿತ್ತು. ಎರಡು ದಿನ ಫೋನ್ ಬರಲಿಲ್ಲ. ಆ ಎರಡೂ ದಿನ ಕಾರ್ಯದರ್ಶಿ ರಜೆಯಲ್ಲಿದ್ದಳು, ಕಂಪ್ಯೂಟರಿನ ಮುಂದೆ ಟೆಸ್ಟರ್ ಕೂತಿದ್ದ ಎಂಬುದು ನನಗೆ ಗೊತ್ತಾದದ್ದು ಮೂರನೆಯ ದಿನ, ಮತ್ತೆ ಕೆಟ್ಟಿತೆಂದು ಫೋನ್ ಮಾಡಿದ ಯಜಮಾನರ ಬಾಯಿಂದ.

“ಯಂತ್ರ ಸರಿ ಐತೆ ಬಿಡ್ರಿ ಮೇಡಂ,” ಎಂದರು. “ನಮ್ಮ ಹುಡುಗ ಕುಂತ್ರೆ ಒಂದು ತೊಂದ್ರೆ ಇಲ್ಲ. ಆಯಮ್ಮ ಬಂದು ಮುಟ್ಟಿದ್ರೆ ಸಾಕು, ಮುಗೀತು. ಕೆಲವ್ರ ಕೈಗುಣ ಹಂಗಿರುತ್ತೆ. ನಾವು ಏನ್ ಮಾಡಾಕಾಗುತ್ತೆ?”

ಕೈಗುಣ ಒಳ್ಳೆಯ ಮಾತು. ಡಾಕ್ಟರ ಕೈಗುಣ, ಅಡುಗೆಯವರ ಕೈಗುಣ, ಸಸಿ ನೆಡುವವರ ಕೈಗುಣ ಎಂದೆಲ್ಲ ನಾವೇ ಹೊಗಳುತ್ತೇವೆ. ಆದರೆ ಯಜಮಾನರ ಬಾಯಲ್ಲಿ ಅದು ಬಂದ ರೀತಿಗೆ ನನ್ನ ಮೈ ಉರಿಯಿತು. ಜಾತಿಯ ಹೆಸರು ಎತ್ತಿದರೆ ಕೇಸಾಗುತ್ತದೆ, ಕೈಗುಣ ಎಂದರೆ ಯಾವ ಸ್ಟೇಷನ್ನಿನಲ್ಲೂ ಕೇಸಿಲ್ಲ. ಈಗ ಟೀ ಕೊಡುವಾಗಲೂ ಎಲ್ಲರಿಗೂ ಪೇಪರ್ ಕಪ್ಪು, ಹಾಗಾಗಿ ಯಾರಿಗೆ ಯಾವ ಲೋಟ ಎಂಬ ಪ್ರಶ್ನೆಯೇ ಏಳುವುದಿಲ್ಲ. ಎಲ್ಲವೂ ಬಹಳ ಸುಸೂತ್ರ.

ಈ ರೋಗವನ್ನು ಕಣ್ಣಾರೆ ನೋಡದೆ ಬಿಡಬಾರದು ಎಂದು ಮಾರನೆಯ ದಿನ ನಸುಕಿಗೇ ಸ್ಕೂಟರ್ ಹತ್ತಿದೆ. ನಾನು ಹೋಗುವಷ್ಟರಲ್ಲಿ ಸಾಲು ಬಾಗಿಲ ಹೊರಗೆ ಬಂದಿತ್ತು. ಕಾರ್ಯದರ್ಶಿ ಪರದೆಯ ಮುಂದೆ ಕಲ್ಲಿನ ಹಾಗೆ ಕೂತಿದ್ದಳು, ಕೈ ಎರಡೂ ತೊಡೆಯ ಮೇಲೆ. ಬಾಣ ತಾನಾಗಿ ಎಡಕ್ಕೂ ಬಲಕ್ಕೂ ನೆಗೆಯುತ್ತಿತ್ತು. ಎಲ್ಲೆಲ್ಲೋ ಒತ್ತಿ ಒಂದರ ಮೇಲೊಂದು ಕಿಟಕಿ ತೆರೆಯುತ್ತಿತ್ತು. ನಾನು ಮೌಸಿನ ತಂತಿ ಕಿತ್ತು ಕೈಯಲ್ಲಿ ಹಿಡಿದೆ. ಬಾಣ ನಿಲ್ಲಲಿಲ್ಲ! ಮೌಸೇ ಇಲ್ಲದೆ ಓಡುವ ಬಾಣವನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಹಿಂದಿನಿಂದ ಯಾರೋ “ಗಾಳಿ ಸೋಕೈತೆ” ಎಂದರು. ಮರುಕ್ಷಣ ನೀಲಿ ಪರದೆ ಬಂತು. ಹೊರಗೆ ಟೆಂಪೋದವನ ಹಾರ್ನ್.

ಜನ ನೂಕುತ್ತಿದ್ದಾರೆ, ಹಾಲು ಕಾದಿದೆ. ಆ ಹೊತ್ತಿಗೆ ಯಾವ ರಿಪೇರಿಯವರಾದರೂ ಮಾಡುವುದನ್ನೇ ನಾನೂ ಮಾಡಿದೆ. ಮೇನ್ ಸ್ವಿಚ್ ಆರಿಸಿ, ಎಲ್ಲ ತಂತಿ ಕಿತ್ತು, ಕಂಪ್ಯೂಟರೊಂದನ್ನೇ ಹಚ್ಚಿ, ಅದು ಪೂರ್ತಿ ಎದ್ದ ಮೇಲೆ ಉಳಿದ ತಂತಿಗಳನ್ನು ಒಂದೊಂದಾಗಿ ಸಿಕ್ಕಿಸಿದೆ. ಓಡಿತು! ಬಿಚ್ಚಿ ಜೋಡಿಸಿದರೆ ಹೋಗುವ ರೋಗ ಎಲ್ಲಕ್ಕಿಂತ ಕೆಟ್ಟದ್ದು. ಯಾವ ತಂತಿಯಿಂದ ಬಂತು, ಯಾವುದರಿಂದ ಹೋಯಿತು ಎಂಬ ಗುರುತೇ ಉಳಿಯುವುದಿಲ್ಲ.

“ನೋಡ್ರಿ,” ಎಂದರು ಯಜಮಾನರು, ಸಾಲಿನವರಿಗೆ ಕೇಳುವ ಹಾಗೆ. “ಮೇಡಮ್ಮೋರು ಮುಟ್ಟಿದ ಕೂಡ್ಲೆ ಸರಿ ಆತು.”

ಇನ್ನು ಉಳಿದ ದಾರಿ ಒಂದೇ, ಅದಲು ಬದಲು. ಹೊನ್ನಾಳಿ ಕಡೆಯ ಒಂದು ಡೈರಿಯಲ್ಲಿ ಇಂಥದೇ ಕಂಪ್ಯೂಟರ್ ಯಾವ ರಗಳೆಯೂ ಇಲ್ಲದೆ ಓಡುತ್ತಿತ್ತು. ಅದನ್ನು ಇಲ್ಲಿಗೆ ತಂದು ಇದನ್ನು ಅಲ್ಲಿಗೆ ಒಯ್ದೆ. ಕೆಟ್ಟದ್ದು ಕಂಪ್ಯೂಟರೇ ಆಗಿದ್ದರೆ ಅದು ಹೊನ್ನಾಳಿಯಲ್ಲೂ ಸಾಯಬೇಕು. ಲೆಕ್ಕ ಸರಿಯಾಗಿತ್ತು, ಆದರೆ ಅದರ ಫಲವನ್ನು ಉಂಡವಳು ಬೇರೆ. ಇಲ್ಲಿಯ ‘ರೋಗಿ’ ಹೊನ್ನಾಳಿಯಲ್ಲಿ ಒಂದು ದಿನವೂ ಮುಗ್ಗರಿಸಲಿಲ್ಲ. ಅಲ್ಲಿಯ ಗಟ್ಟಿ ಕಂಪ್ಯೂಟರ್ ಇಲ್ಲಿಗೆ ಬಂದ ಮೊದಲ ಬೆಳಿಗ್ಗೆಯೇ ಮಲಗಿತು, ಕಾರ್ಯದರ್ಶಿಯ ಕೈಯಲ್ಲಿ. ಇಡೀ ಊರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮತ್ತೆ ಹೋದಾಗ ಅವಳ ಕೈ ನೋಡಿ ನಿಂತುಬಿಟ್ಟೆ. ಔಷಧಿ ಅಂಗಡಿಯಲ್ಲಿ ಸಿಗುವ ತೆಳ್ಳನೆಯ ಬಿಳಿ ಗ್ಲೌಸ್ ಹಾಕಿಕೊಂಡಿದ್ದಳು. ಒಳಗೆಲ್ಲ ಬೆವರು. ಆ ಕೈಯಲ್ಲೇ ಕೀಲಿಮಣೆ ಒತ್ತುತ್ತಿದ್ದಳು.

“ಇದೇನವ್ವ?”

“ನೀವೇ ಹೇಳಿದ್ರಂತಲ್ಲ ಅಕ್ಕಾರೆ. ಮೈಯಾಗಿಂದ ಕೈಗೆ ಏನೋ ಇಳೀತೈತೆ, ಮುಟ್ಟಿದ್ರೆ ಕಂಪ್ಯೂಟರ್ ಕೆಡುತ್ತೆ ಅಂತ. ಗ್ಲೌಸ್ ಹಾಕ್ಕಂಡು ಮಾಡು ಅಂತ ಅಧ್ಯಕ್ಷರ ಯಜಮಾನ್ರು ತಂದುಕೊಟ್ರು.”

‘ಎಲ್ಲರ ಮೈಯಲ್ಲೂ’ ಎಂದಿದ್ದೆ ನಾನು. ಆ ‘ಎಲ್ಲರ’ ಎಂಬುದನ್ನು ಟೆಸ್ಟರ್ ಡೈರಿಯಿಂದ ಮನೆಗೆ ಹೋಗುವ ದಾರಿಯಲ್ಲೇ ಬೀಳಿಸಿಕೊಂಡಿದ್ದ. ಸಿಟ್ಟಿಗೆ ಆ ಗ್ಲೌಸನ್ನು ಅಲ್ಲೇ ಕಿತ್ತೆಸೆಯಬೇಕು ಎನ್ನಿಸಿತು. ಆದರೆ ಅವಳೇ ಕೈ ಹಿಂದಕ್ಕೆ ಎಳೆದುಕೊಂಡಳು.

“ಬ್ಯಾಡ ಅಕ್ಕಾರೆ. ಹದಿನೈದಕ್ಕೆ ಸಭೆ ಕರೆದಾರೆ. ನನ್ನ ತೆಗೀಬೇಕು ಅಂತ. ಅಲ್ಲೀ ತನಕ ಹಾಕ್ಕಂತೀನಿ. ಹಾಕ್ಕಂಡೇ ಇಲ್ಲ ಅಂತ ಇನ್ನೊಂದು ಮಾತು ಬ್ಯಾಡ.” ಗ್ಲೌಸಿನ ಅಂಚು ಎಳೆದುಕೊಳ್ಳುತ್ತ, “ನಮ್ಮಪ್ಪ ಈ ಡೈರಿ ಮುಂದೆ ಹಾಲು ಹಿಡ್ಕಂಡು ದೂರ ನಿಂತಿರ್ತಿದ್ದನಂತೆ. ನಾನು ಒಳಗೆ ಕುರ್ಚಿ ಮ್ಯಾಲೆ ಕುಂತೀನಿ ಅಂತ ಅವನಿಗೆ ಎಷ್ಟು ಖುಷಿ ಅಂದ್ರೆ, ದಿನಾ ಬೆಳಿಗ್ಗೆ ಏನೋ ನೆಪ ಮಾಡ್ಕಂಡು ಬಂದು ಬಾಗಿಲಾಗೆ ಇಣುಕಿ ಹೋಗ್ತಾನೆ. ಈ ಗ್ಲೌಸ್ ಹಾಕಿದ ಮ್ಯಾಲೆ ಬರೋದು ಬಿಟ್ಟಾನೆ,” ಎಂದಳು.

ಹೊರಡುವಾಗ ಯಜಮಾನರು ಅಡ್ಡ ಬಂದರು. ಸಭೆಗೆ ನಾನೂ ಬರಬೇಕಂತೆ, ಯಂತ್ರದಲ್ಲಿ ಏನೂ ದೋಷವಿಲ್ಲ ಎಂಬ ಒಂದು ಮಾತು ಹೇಳಬೇಕಂತೆ. “ನೀವು ನಾಕು ಅಕ್ಷರ ಕಲ್ತೋರು. ನಿಮ್ಮ ಬಾಯಾಗೆ ಬಂದ್ರೆ ತೂಕ ಇರುತ್ತೆ.” ಆ ದಿನದ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ. ಯಂತ್ರದಲ್ಲಿ ನನಗೆ ಯಾವ ದೋಷವೂ ಸಿಕ್ಕಿರಲಿಲ್ಲ. ಬರುತ್ತೇನೆ ಎಂದಷ್ಟೇ ಹೇಳಿದೆ. ರೋಗ ಹಿಡಿಯದೆ ಆ ಬಾಗಿಲಿಗೆ ಕಾಲಿಡಬಾರದು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಆ ವಾರ ಜಗಳೂರಿಗೆ ಹೋಗುವ ಸರದಿ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಊರು ಮುಟ್ಟುವಾಗ ಸಂಜೆಯ ಹಾಲಿನ ಹೊತ್ತಾಗಿತ್ತು. ಅಲ್ಲಿನ ಕಾರ್ಯದರ್ಶಿ ಬಿಳಿ ಮೀಸೆಯ ಹಿರಿಯರು. ಊರಿನಲ್ಲಿ ಪಂಚಾಯ್ತಿ ಹೇಳುವವರು, ಅವರು ಕೆಮ್ಮಿದರೂ ಜನ ಅದಕ್ಕೊಂದು ಅರ್ಥ ಹುಡುಕುತ್ತಾರೆ. ಅವರ ಕೈಗುಣವನ್ನು ಪ್ರಶ್ನಿಸುವ ಗಂಡು ಆ ಊರಿನಲ್ಲಿ ಹುಟ್ಟಿಲ್ಲ. ಪ್ರಿಂಟರಿನ ರಿಬ್ಬನ್ ಬದಲಿಸುವುದಷ್ಟೇ ನನ್ನ ಕೆಲಸವಾಗಿತ್ತು. ಅವರು ಅರ್ಧ ಸಾಲು ಮುಗಿಸಿದ್ದರು, ಕರೆಂಟು ಹೋಯಿತು. ಯುಪಿಎಸ್‌ನ ಬ್ಯಾಟರಿ ಯಾವತ್ತೋ ಸತ್ತಿತ್ತು, ಕಂಪ್ಯೂಟರ್ ಆರಿತು. ತೂಕದ ಮಷಿನ್ನಿನ ಕೆಂಪು ಅಂಕಿಗಳು ಮಾತ್ರ ಕತ್ತಲಲ್ಲಿ ಉರಿಯುತ್ತಲೇ ಇದ್ದವು. ಅದಕ್ಕೆ ಹೊಟ್ಟೆಯೊಳಗೇ ಬ್ಯಾಟರಿ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಹಿರಿಯರು ಕಂಪ್ಯೂಟರ್ ಹಚ್ಚಿದರು. ಅದು ಎದ್ದು ನಿಂತದ್ದೇ ತಡ, ಬಾಣ ಕುಣಿಯತೊಡಗಿತು.

“ಏ, ಇದಕ್ಕೇನ್ ಬಂತವ್ವ!” ಎಂದರು ಹಿರಿಯರು.

ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿಬಿಟ್ಟೆ. ಕೆಟ್ಟು ನಿಂತ ಯಂತ್ರ ನೋಡಿ ರಿಪೇರಿಯವಳು ಚಪ್ಪಾಳೆ ತಟ್ಟಿದರೆ ಜನ ಏನಂದುಕೊಳ್ಳಬೇಕು? ಅದರ ಪರಿವೆ ನನಗಿರಲಿಲ್ಲ. ಮೌಸ್ ಮುಟ್ಟದೆ ಕೀಲಿಮಣೆಯಿಂದಲೇ ಕಂಪ್ಯೂಟರಿಗೆ ತಗುಲಿರುವ ಯಂತ್ರಗಳ ಪಟ್ಟಿ ತೆರೆದೆ. ಮೌಸ್ ಎಂಬ ಸಾಲಿನಲ್ಲಿ ಒಂದರ ಬದಲು ಎರಡು ಹೆಸರು. ಒಂದು ನಮ್ಮದು. ಇನ್ನೊಂದು ನಾವು ಯಾರೂ ಹಾಕದ ಹಳೆಯ ಕಾಲದ ಸೀರಿಯಲ್ ಮೌಸ್. ತೂಕದ ಮಷಿನ್ನಿನ ತಂತಿ ಕಿತ್ತೆ. ಎರಡನೆಯ ಹೆಸರು ಮಾಯ. ಬಾಣವೂ ಗಪ್‌ಚುಪ್.

ಇಷ್ಟೇ! ತೂಕದ ಮಷಿನ್ ಬಾಯಿ ಮುಚ್ಚಿ ಕೂರುವ ಪೈಕಿಯಲ್ಲ. ಹಾಲು ಇರಲಿ ಬಿಡಲಿ, ತಂತಿಯಲ್ಲಿ ಒಂದೇ ಸಮನೆ ಅಂಕಿ ಒದರುತ್ತಿರುತ್ತದೆ. ಕಂಪ್ಯೂಟರ್ ನಿದ್ದೆಯಿಂದ ಏಳುವಾಗ ಪ್ರತಿ ತಂತಿಗೂ ಕಿವಿಕೊಟ್ಟು ‘ಯಾರು ನೀನು’ ಎಂದು ವಿಚಾರಿಸುತ್ತದೆ. ಆಗ ತೂಕದ ಮಷಿನ್ ಮೊದಲೇ ಎದ್ದು ಒದರುತ್ತಿದ್ದರೆ, ಆ ಗದ್ದಲ ಹಳೆಯ ಮೌಸಿನ ಮಾತಿನ ಹಾಗೆ ಕೇಳಿಸಿ, ಕಂಪ್ಯೂಟರ್ ಅದನ್ನೇ ಮೌಸ್ ಎಂದು ನಂಬುತ್ತದೆ. ಆಮೇಲೆ ಹಾಲಿನ ತೂಕವೆಲ್ಲ ಬಾಣದ ಕುಣಿತ. ಇತ್ತ ಹಾಲಿನ ತಂತ್ರಾಂಶವೂ ಅದೇ ತಂತಿ ತನ್ನದೆಂದು ಎಳೆಯುತ್ತದೆ. ಒಂದು ಹಗ್ಗಕ್ಕೆ ಎರಡು ಎತ್ತು ಎರಡು ದಿಕ್ಕಿಗೆ, ಕೊನೆಗೆ ಗಾಡಿಯೇ ಮಗುಚುತ್ತದೆ. ಕಂಪ್ಯೂಟರ್ ಮೊದಲು ಎದ್ದರೆ ಈ ರಗಳೆಯೇ ಇಲ್ಲ. ಹೊನ್ನಾಳಿಯ ಡೈರಿಯಲ್ಲಿದ್ದದ್ದು ಹಳೆಯ ತೂಕದ ಮಷಿನ್, ಗುಂಡಿ ಒತ್ತಿದರೆ ಮಾತ್ರ ಬಾಯಿ ಬಿಡುವಂಥದ್ದು. ನಾನು ರಿಪೇರಿಗೆ ಹೋದಾಗಲೆಲ್ಲ ಮೊದಲು ಹಚ್ಚುತ್ತಿದ್ದದ್ದು ಕಂಪ್ಯೂಟರನ್ನೇ. ಟೆಸ್ಟರ್ ಕೂಡ ಅಷ್ಟೇ, ತಡವಾಗಿ ಬಂದು ಮೊದಲು ಪರದೆಯ ಮುಂದೆ ಕೂರುವ ಆಸಾಮಿ.

ಹಾಗಾದರೆ ಆ ಹೆಣ್ಣುಮಗಳು? ಹಿರಿಯರಿಗೆ ಇನ್ನೆರಡು ಸಲ ಆರಿಸಿ ಹಚ್ಚಿ ತೋರಿಸಿದ ಮೇಲೆ ಅವಳಿಗೆ ಫೋನ್ ಮಾಡಿ, ಬೆಳಿಗ್ಗೆ ಡೈರಿ ತೆಗೆದ ಮೇಲೆ ಏನೇನು ಮಾಡುತ್ತೀ ಎಂದು ಮೊದಲಿನಿಂದ ಹೇಳಿಸಿದೆ. “ತೂಕದ ಮಷಿನ್ ಒರೆಸಿ ಹಚ್ತೀನಿ ಅಕ್ಕಾರೆ. ಅದು ಒಂದಿಷ್ಟು ಬೆಚ್ಚಗಾದ ಮ್ಯಾಲೇನೆ ಸರಿ ತೂಕ ತೋರ್ಸೋದು ಅಂತ ತರಬೇತಿಯಾಗೆ ಹೇಳಿದ್ರು. ಒಂದು ಗ್ರಾಮ್ ಆದ್ರೂ ಯಾರ ಹಾಲೂ ಕಮ್ಮಿ ಬರಬಾರ್ದು ನೋಡ್ರಿ. ಆಮೇಲೆ ಕಸ ಹೊಡೆದು ಕಂಪ್ಯೂಟರ್ ಹಚ್ತೀನಿ.” ತರಬೇತಿಯಲ್ಲಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದವಳು ಅವಳೊಬ್ಬಳೇ. ಕೆಡುತ್ತಿದ್ದದ್ದೂ ಅವಳೊಬ್ಬಳ ಕೈಯಲ್ಲೇ.

“ನಾಳೆಯಿಂದ ಕಂಪ್ಯೂಟರ್ ಮೊದಲು ಹಚ್ಚು” ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವತ್ತಿಗೇ ರೋಗ ಮುಗಿಯುತ್ತಿತ್ತು. ಆಗ ಅವಳ ಬೆವರಿದ ಗ್ಲೌಸ್ ನೆನಪಾಯಿತು. ಈಗ ಕಂಪ್ಯೂಟರ್ ಸರಿಯಾದರೆ ಹೆಸರು ಬರುವುದು ಯಾರಿಗೆ? ಗ್ಲೌಸಿಗೆ. ‘ನೋಡ್ರಿ, ಕೈ ಮುಚ್ಚಿದ ಮ್ಯಾಲೆ ಸರಿ ಹೋತು’ ಎನ್ನುತ್ತಾರೆ. ಕೆಲಸ ಉಳಿಯುತ್ತದೆ, ಆದರೆ ಆ ಡೈರಿಯಲ್ಲಿ ಇರುವಷ್ಟು ದಿನ ಅವಳು ಕೈ ಮುಚ್ಚಿಕೊಂಡೇ ಇರಬೇಕು. ಸಸಾರದ ರಿಪೇರಿ ಬೇಡ ಎಂದು ಅಲ್ಲೇ ತೀರ್ಮಾನಿಸಿದೆ.

“ಏನಾತು ಅಕ್ಕಾರೆ? ಯಾಕೆ ಸುಮ್ನಾದ್ರಿ?”

“ಏನಿಲ್ಲ. ಸಭೆ ದಿನ ಬರ್ತೀನಿ. ಅಲ್ಲೀವರೆಗೆ ನೀನು ದಿನಾ ಹೆಂಗೆ ಮಾಡ್ತಿದ್ದೀಯೋ ಹಂಗೇ ಮಾಡು. ಕೆಟ್ರೆ ಕೆಡಲಿ.”

ಇನ್ನೂ ಕೆಲವು ಬೆಳಿಗ್ಗೆ ಅವಳು ಬೈಸಿಕೊಂಡಳು. ಅದು ನನ್ನಿಂದ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ.

ಸಭೆ ಹದಿನೈದರ ಬೆಳಿಗ್ಗೆ, ಡೈರಿಯ ಅಂಗಳದಲ್ಲಿ. ಹಾಲು ಹಾಕಲು ಬಂದವರೆಲ್ಲ ಕ್ಯಾನು ಕೆಳಗಿಟ್ಟು ನಿಂತಿದ್ದರು. ಅಧ್ಯಕ್ಷರು ಸೆರಗು ಹೊದ್ದು ಕುರ್ಚಿಯ ಮೇಲೆ, ಮಾತು ಅವರ ಯಜಮಾನರದು. ನಾನು ಎದ್ದು, “ಯಂತ್ರದ ವಿಷಯ ಹೇಳೋಕ್ ಮುಂಚೆ ಒಂದು ಕೆಲಸ ಆಗಬೇಕು. ಇವತ್ತು ಡೈರಿ ನೀವೇ ತೆಗೀರಿ ಯಜಮಾನ್ರೇ, ನಿಮ್ಮ ಕೈಲೇ,” ಎಂದೆ.

ಅವರಿಗೆ ಬಹಳ ಸಂತೋಷವಾಯಿತು. ಮೀಸೆ ಸವರಿ ಒಳಗೆ ಬಂದರು. ತೂಕದ ಮಷಿನ್ ಮೊದಲು, ಅದು ಸೊನ್ನೆ ತೋರಿಸಿದ ಮೇಲೆ ಕಂಪ್ಯೂಟರ್, ಕಾರ್ಯದರ್ಶಿ ದಿನಾ ಮಾಡುವ ಹಾಗೇ ಮಾಡಿ ಎಂದೆ. ಆದರೆ ಈ ರೋಗ ಪ್ರತಿ ಸಲವೂ ಬರುವುದಿಲ್ಲ. ಗದ್ದಲದ ಯಾವ ತುಣುಕು ಕಂಪ್ಯೂಟರಿನ ಕಿವಿಗೆ ಬಿತ್ತು ಎಂಬುದರ ಮೇಲೆ ನಿಂತಿದೆ. ಜಗಳೂರಿನಲ್ಲೂ ಒಂದು ಸಲ ಬಾರದೆ ಕೈಕೊಟ್ಟಿತ್ತು.

ಇಲ್ಲೂ ಕೈಕೊಟ್ಟಿತು. ಕಂಪ್ಯೂಟರ್ ಎದ್ದು, ಬಾಣ ನಡುವೆ ಸದ್ದಿಲ್ಲದೆ ನಿಂತಿತು. ಯಜಮಾನರು ಜನರ ಕಡೆಗೆ ತಿರುಗಿ ಎರಡೂ ಅಂಗೈ ಅಗಲಿಸಿ ತೋರಿಸಿದರು. “ಇನ್ನೇನ್ ಬೇಕ್ರಿ?” ಯಾರೋ ನಕ್ಕರು. ಕಾರ್ಯದರ್ಶಿ ನೆಲ ನೋಡುತ್ತ ನಿಂತಿದ್ದಳು.

“ಇನ್ನೊಂದು ಸಲ,” ಎಂದೆ.

“ಎಷ್ಟು ಸಲ ಮೇಡಂ? ಟೆಂಪೋ ಬರೋ ಹೊತ್ತಾತು.”

ಆಗ ಮಾತಾಡಿದವರು ಅಧ್ಯಕ್ಷರು. ಅವರ ಧ್ವನಿಯನ್ನು ನಾನು ಕೇಳಿದ್ದೇ ಮೊದಲು. “ಮಾಡ್ರಿ ಇನ್ನೊಂದು ಸಲ. ಅವಳ ಕೈಯಾಗೆ ಆದ್ರೆ ಅಷ್ಟು ದಿನ ನೋಡಿದ್ರಿ. ನಿಮ್ಮ ಕೈಯಾಗೆ ಒಂದೇ ಸಲಕ್ಕೆ ಸಾಕಾ?”

ಯಜಮಾನರು ಹೆಂಡತಿಯನ್ನೊಮ್ಮೆ ನೋಡಿ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದರು. ಪರದೆ ಬೆಳಗಿತು. ಬಾಣ ಒಂದು ಗಳಿಗೆ ನಿಂತಿತು. ಆಮೇಲೆ ಮೂಲೆಗೆ ನೆಗೆಯಿತು, ಅಲ್ಲಿಂದ ಇನ್ನೊಂದು ಮೂಲೆಗೆ. ಕಿಟಕಿಗಳು ಪಟಪಟನೆ ತೆರೆದವು. ಯಜಮಾನರು ಬಿಸಿ ತಾಗಿದವರ ಹಾಗೆ ಕೈ ಹಿಂದೆಗೆದುಕೊಂಡರು. ನೀಲಿ ಪರದೆ ಬಂದಾಗ ಸಾಲಿನ ಮುಂದಿದ್ದ ಅಜ್ಜಿಯೊಬ್ಬಳು, “ಇವ್ರಿಗೂ ಒಂದು ಜೊತೆ ಗ್ಲೌಸ್ ತಂದ್ಕೊಡ್ರಪ್ಪ,” ಎಂದಳು. ಇಡೀ ಅಂಗಳ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ತೂಕದ ಮಷಿನ್ ಒದರುವುದು, ಕಂಪ್ಯೂಟರ್ ತಪ್ಪು ತಿಳಿಯುವುದು ಎಲ್ಲವನ್ನೂ ಅವರಿಗೆ ತಿಳಿಯುವ ಹಾಗೆ ಹೇಳಿದೆ. ಆಮೇಲೆ ಅವರ ಎದುರಿಗೇ ಆ ಸುಳ್ಳು ಮೌಸನ್ನು ನಿಷ್ಕ್ರಿಯ ಮಾಡಿ, ಏಳುವಾಗ ಆ ತಂತಿಯನ್ನು ‘ಯಾರು ನೀನು’ ಎಂದು ವಿಚಾರಿಸುವ ಕಂಪ್ಯೂಟರಿನ ಚಾಳಿಯನ್ನೂ ನಿಲ್ಲಿಸಿದೆ. ಬೇಕೆಂದೇ ತೂಕದ ಮಷಿನ್ ಮೊದಲು ಹಚ್ಚಿ ಕಂಪ್ಯೂಟರನ್ನು ಮತ್ತೆ ಮತ್ತೆ ಆರಿಸಿ ಹಚ್ಚಿ ನೋಡಿದೆ. ಬಾಣ ಕದಲಲಿಲ್ಲ.

“ಈಗ ನೀನು ಬಾ. ಗ್ಲೌಸ್ ತೆಗಿ. ದಿನಾ ಮಾಡೋ ಹಂಗೇ ಮಾಡು,” ಎಂದೆ ಕಾರ್ಯದರ್ಶಿಗೆ.

ಗ್ಲೌಸ್ ಬೆವರಿಗೆ ಅಂಟಿಕೊಂಡು ಬೇಗ ಬರಲಿಲ್ಲ. ಬೆರಳು ಬೆರಳೇ ಎಳೆದು ತೆಗೆದಳು. ಬರಿಗೈಯಲ್ಲಿ ತೂಕದ ಮಷಿನ್ ಒರೆಸಿ ಹಚ್ಚಿದಳು, ಸೊನ್ನೆ ಬರುವವರೆಗೆ ಕಾದಳು, ಕಂಪ್ಯೂಟರ್ ಹಚ್ಚಿದಳು. ಮೊದಲ ಚೀಟಿ ಬಂತು. ಸಭೆಯ ವಿಷಯವನ್ನು ಯಾರೂ ಮತ್ತೆ ಎತ್ತಲಿಲ್ಲ, ತಪ್ಪಾಯಿತೆಂದು ಯಾರೂ ಅವಳಿಗೆ ಹೇಳಲೂ ಇಲ್ಲ. “ಸರಿ ಸರಿ, ಹಾಲು ಹಾಕ್ರಿ,” ಎಂದು ಯಜಮಾನರು ಹೊರಗೆ ಹೋದರು. ನನಗಂತೂ ಜಂಬ ಹೊಟ್ಟೆಯಿಂದ ಗಂಟಲಿಗೆ ಬಂದಿತ್ತು. ಸಾಮಾನು ಚೀಲಕ್ಕೆ ತುಂಬಿಕೊಂಡು, ಅವಳಿಂದ ಒಂದು ನಗುವನ್ನಾದರೂ ಪಡೆದೇ ಹೋಗೋಣವೆಂದು ಮೇಜಿನ ಹತ್ತಿರ ನಿಂತೆ. ಅವಳು ನಗಲಿಲ್ಲ.

“ಅಕ್ಕಾರೆ, ನಾಳೆ ನಿಜವಾಗ್ಲೂ ನನ್ನ ತಪ್ಪಿನಿಂದಾನೇ ಏನಾರ ಕೆಟ್ರೆ?”

“ಕೆಟ್ರೆ ಕೆಡಲಿ ಬಿಡವ್ವ, ಯಾರ ಕೈಲಿ ಕೆಡಲ್ಲ? ಒಂದು ಫೋನ್ ಮಾಡು, ಬರ್ತೀನಿ. ಅದಕ್ಕೇ ಅಲ್ವಾ ನಾನಿರೋದು?”

“ಬ್ಯಾರೆಯವ್ರ ಕೈಯಾಗೆ ಕೆಟ್ರೆ ನಿಮಗೆ ಫೋನ್ ಮಾಡ್ತಾರೆ ಅಕ್ಕಾರೆ,” ಎಂದಳು. “ನನ್ನ ಕೈಯಾಗೆ ಕೆಟ್ರೆ ಸಭೆ ಕರೀತಾರೆ.”

ಎಂದವಳು ಮುಂದಿನವರ ಹಾಲನ್ನು ತೂಕಕ್ಕೆ ಹಾಕಿಸಿಕೊಂಡಳು.